ಸೊಲ್ಲಯ್ಯನ ಕತೆಯಿಂದ ಕಳೆದುಹೋದವನು

ಬಹಳ ಬಹಳ ಹಿಂದೆ, ಮಾತಿನಿಂದಲೇ ಹುಟ್ಟಿದ ಒಂದು ರಾಜ್ಯವಿತ್ತು. ಅದರ ಹೆಸರು ತೊರೆನಾಡು. ಮೊದಲು ಅಲ್ಲಿ ಬರೀ ಮಂಜು, ಮಂಜಿನ ನಡುವೆ ಒಂದು ಬೆಟ್ಟ, ಬೆಟ್ಟದ ತುದಿಯಲ್ಲಿ ಸೊಲ್ಲಯ್ಯ ಎಂಬ ಕತೆಗಾರ. ಅವನು “ಹೊಳೆ” ಎಂದ, ಹೊಳೆ ಹರಿಯಿತು. “ಹೊಳೆಯ ಈಚೆ ತೊರೆನಾಡು, ಆಚೆ ಕಲ್ಲರೆನಾಡು” ಎಂದ, ಎರಡು ನಾಡುಗಳು ಎದ್ದು ನಿಂತವು. ರಾಜರು ಬಂದರು, ಕುರಿಗಳು ಬಂದವು, ಮನೆಗಳ ಮೇಲೆ ಹೊಗೆ ಎದ್ದಿತು.

ಆದರೆ ಸೊಲ್ಲಯ್ಯನಿಗೆ ತನ್ನ ಕತೆಯ ಮೇಲೆ ಎಂದೂ ಸಮಾಧಾನವಿರಲಿಲ್ಲ. ಅವನ ಹೆಗಲ ಮೇಲೆ ಒಂದು ಕರಿಹಕ್ಕಿ ಕೂತಿತ್ತು. ಹಕ್ಕಿಯ ರೂಪ ಹೊತ್ತ ಮಾಟಗಾರ ಅದು. ಕತೆ ಇನ್ನೇನು ಹದಕ್ಕೆ ಬಂತು ಅನ್ನುವಾಗ ಅದು ಕಿವಿಯಲ್ಲಿ ಹೇಳುತ್ತಿತ್ತು: “ಚೆನ್ನಾಗಿಲ್ಲ. ಇನ್ನೊಮ್ಮೆ ಹೇಳು.” ಸೊಲ್ಲಯ್ಯ ಮೊದಲಿನಿಂದ ಶುರುಮಾಡುತ್ತಿದ್ದ. ಒಂದು ಸಲ ಮೊದಲ ರಾಜ ಕುರುಬನಾಗಿದ್ದ, ಇನ್ನೊಂದು ಸಲ ಮೀನುಗಾತಿಯ ಮಗನಾದ. ಅವನ ದನಿ ಗಾಳಿಯಾಗಿ ನಾಡಿನ ಮೇಲೆ ಬೀಸುತ್ತಿತ್ತು. ಕೇಳಿದವರು ಹಳೆಯದನ್ನು ಮರೆತು ಹೊಸದನ್ನೇ ತಮ್ಮ ಬದುಕು ಅಂದುಕೊಳ್ಳುತ್ತಿದ್ದರು. ಕತೆಯಿಂದ ಬಿದ್ದುಹೋದದ್ದನ್ನೆಲ್ಲ ತಿಂದು ಹಕ್ಕಿ ಕೊಬ್ಬುತ್ತಿತ್ತು. ಮರೆತವರಿಗೆ ದುಃಖ ಎಲ್ಲಿಯದು? ಹಾಗಾಗಿ ಯಾರೂ ಅಳಲಿಲ್ಲ.

ಒಬ್ಬಳು ಮಾತ್ರ ಅತ್ತಳು. ಅವಳ ಹೆಸರು ಇರುವಂತಿ. ಹೊಳೆಯಲ್ಲಿ ದೋಣಿ ನಡೆಸುವವಳು.

ಅವಳ ಗಂಡ ಕೇತಮಲ್ಲ ಕಲ್ಲರೆನಾಡಿನ ಸೈನಿಕ. ಎರಡು ನಾಡುಗಳಿಗೂ ಯುದ್ಧವಾದಾಗ ಗಾಯಗೊಂಡು ಹೊಳೆಯಲ್ಲಿ ತೇಲಿ ಬಂದಿದ್ದ. ಶತ್ರುವಾದರೇನು, ಉಸಿರಿತ್ತು, ಇರುವಂತಿ ಅವನನ್ನು ದೋಣಿಗೆ ಎಳೆದುಕೊಂಡಳು. ಗಾಯ ಮಾಯಿತು, ಕಾಲು ಮಾತ್ರ ಕುಂಟಾಯಿತು. ಅವನು ತಿರುಗಿ ಹೋಗಲಿಲ್ಲ. ಸಂಜೆ ದೋಣಿ ಕಟ್ಟುವ ಹೊತ್ತಿಗೆ ದಡದ ಕಲ್ಲಿನ ಮೇಲೆ ಕೂತು, “ಇಷ್ಟು ಹೊತ್ತಾ?” ಎಂದು ರೇಗುತ್ತಿದ್ದ. ಆ ರೇಗಾಟ ಕೇಳದೆ ಅವಳಿಗೆ ಮನೆ ಸೇರಿದಂತೆ ಆಗುತ್ತಿರಲಿಲ್ಲ.

ಒಂದು ದಿನ ಇರುವಂತಿ ಜೇನಿಗೆಂದು ಜಲಪಾತದ ಹಿಂದಿನ ಬಂಡೆಗೆ ಹೋದಳು. ಆ ಹೊತ್ತಿಗೇ ಸೊಲ್ಲಯ್ಯ ಕತೆಯನ್ನು ಮತ್ತೆ ಹೇಳಿದ. ನೀರಿನ ಭೋರ್ಗರೆತದಲ್ಲಿ ಅವನ ದನಿ ಅವಳ ಕಿವಿಗೆ ಬೀಳಲೇ ಇಲ್ಲ.

ಮರಳಿ ಬಂದರೆ ದಡದ ಕಲ್ಲು ಖಾಲಿ. ಮನೆಯಲ್ಲಿ ಒಬ್ಬಳೇ ಮಲಗುವಷ್ಟು ಚಾಪೆ, ಒಬ್ಬಳೇ ಉಣ್ಣುವಷ್ಟು ಗಡಿಗೆ. ಅವಳು ಪಕ್ಕದ ಮನೆಯ ಮಾಳಜ್ಜಿಯ ಅಂಗಳಕ್ಕೆ ಓಡಿದಳು.

“ಅಜ್ಜಿ, ನನ್ನ ಗಂಡನನ್ನು ಕಂಡೆಯಾ?”

“ಯಾವ ಗಂಡನೇ ಮಗಳೇ? ನಿನಗೆ ಮದುವೆ ಆದದ್ದು ಯಾವಾಗ?”

“ಯುದ್ಧದಲ್ಲಿ ತೇಲಿ ಬಂದನಲ್ಲ, ಕೇತಮಲ್ಲ!”

“ಯುದ್ಧವಾ? ಬಿಡ್ತು ಅನ್ನು! ನಮ್ಮಲ್ಲಿ ಯುದ್ಧವೇ ಆಗಿಲ್ಲ.”

ಅಷ್ಟರಲ್ಲಿ ಒಳಗಿನಿಂದ ಇಬ್ಬರು ಗಂಡಸರು ನಗುತ್ತಾ ಹೊರಬಂದರು. ಯುದ್ಧದಲ್ಲಿ ಸತ್ತಿದ್ದ ಮಾಳಜ್ಜಿಯ ಮಕ್ಕಳು. ಅವರ ಹೆಣದ ಮುಂದೆ ಕೂತು ಇರುವಂತಿಯೇ ಅತ್ತಿದ್ದಳು. ಈಗ ಅವರಲ್ಲೊಬ್ಬ ಸೌದೆ ಸೀಳುತ್ತಿದ್ದ, ಇನ್ನೊಬ್ಬನನ್ನು ಅಜ್ಜಿ ಮೈಗಳ್ಳ ಎಂದು ಬೈಯುತ್ತಿದ್ದಳು. ಇರುವಂತಿ ಹಿಂದಿರುಗಿದಳು. ಇದು ಬೆಟ್ಟದ ಮೇಲಿನ ಕತೆಗಾರನದೇ ಕೆಲಸ ಎಂದುಕೊಂಡು, ಮರುದಿನ ಬೆಳಗಾಗುತ್ತಲೇ ಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದಲ್ಲಿ ಒಂದು ಮೃಗ ದಾರಿಗೆ ಅಡ್ಡ ಮಲಗಿತ್ತು. ನೋಡುನೋಡುತ್ತಲೇ ಹುಲಿಯಾಗುತ್ತಿತ್ತು, ಜಿಂಕೆಯಾಗುತ್ತಿತ್ತು, ಮತ್ತೆ ಹುಲಿ.

“ಒಂದು ಕತೆಯಲ್ಲಿ ಹುಲಿ ಅಂದ, ಒಂದರಲ್ಲಿ ಜಿಂಕೆ ಅಂದ. ನಾನು ಯಾರು ಹೇಳು. ತಪ್ಪಿದರೆ ತಿನ್ನುತ್ತೇನೆ,” ಎಂದಿತು.

ಇರುವಂತಿ ಅದರ ಒಣಗಿದ ನಾಲಗೆ ನೋಡಿದಳು. “ನೀನು ಯಾರಾದರೂ ಇರು, ನಿನಗೆ ಬಾಯಾರಿದೆ,” ಎಂದು ಬೊಗಸೆಯಲ್ಲಿ ನೀರು ಹಿಡಿದಳು. ಮೃಗ ಕುಡಿಯಿತು, ನಿಟ್ಟುಸಿರುಬಿಟ್ಟು ದಾರಿ ಕೊಟ್ಟಿತು.

ಬೆಟ್ಟದ ನಡುವಿನ ಕಾಡಿನಲ್ಲಿ ಅವಳಿಗೆ ಅವಳದೇ ಮನೆ ಕಂಡಿತು. ಬಾಗಿಲಲ್ಲಿ ಕೇತಮಲ್ಲ ನಿಂತಿದ್ದ. ಅದೇ ಮುಖ, ಅದೇ ಕುಂಟು. “ಬಾ ಇರುವಂತಿ. ನಿನ್ನ ಬಿಟ್ಟು ನಾನು ಬದುಕಲಾರೆ. ನಿನ್ನಂಥವಳು ಲೋಕದಲ್ಲಿಲ್ಲ,” ಎಂದ.

ಅವಳ ಎದೆ ನೀರಾಯಿತು. ಒಂದು ಹೆಜ್ಜೆ ಇಟ್ಟಳು. ಆದರೆ ಕೇತಮಲ್ಲ ಅವಳು ಬಯಸಿದ ಮಾತನ್ನು ಬಯಸಿದ ಹೊತ್ತಿಗೆ ಎಂದಾದರೂ ಆಡಿದವನೇ? ಇದು ತನ್ನದೇ ಆಸೆ, ಅವನ ಬಾಯಿಂದ ಬರುತ್ತಿದೆ ಎಂದು ಅವಳಿಗೆ ತಿಳಿದುಹೋಯಿತು. ತಿಳಿದರೂ ಕಾಲು ಕೀಳಲಾಗಲಿಲ್ಲ. ಕಣ್ತುಂಬ ನೋಡಿ, ಸೆರಗು ಬಾಯಿಗೊತ್ತಿಕೊಂಡು ಅಳುತ್ತಾ ಮುಂದೆ ನಡೆದಳು. ಹಿಂದೆ ಆ ದನಿ ಬಹಳ ದೂರದವರೆಗೂ ಕರೆಯುತ್ತಲೇ ಇತ್ತು.

ತುದಿಯಲ್ಲಿ ಸೊಲ್ಲಯ್ಯ ಕೂತಿದ್ದ. ಹಣ್ಣು ಹಣ್ಣು ಮುದುಕ. ಹೆಗಲ ಮೇಲಿನ ಹಕ್ಕಿ ಕರುವಿನಷ್ಟು ದಪ್ಪಗಿತ್ತು, ಅದರ ಭಾರಕ್ಕೆ ಅವನು ಬಾಗಿಹೋಗಿದ್ದ.

“ಅಜ್ಜಾ, ನನ್ನ ಗಂಡನನ್ನು ಕೊಡು,” ಎಂದಳು ಇರುವಂತಿ.

ಎಲ್ಲ ಕೇಳಿದ ಸೊಲ್ಲಯ್ಯನ ಕಣ್ಣು ತೇವವಾಯಿತು. “ಯುದ್ಧ ಬೇಡ ಅನ್ನಿಸಿತು, ತೆಗೆದುಹಾಕಿದೆ. ಅದರ ಜೊತೆಗೆ ಯಾರೆಲ್ಲ ಹೋದರೋ ನೋಡಲಿಲ್ಲ ತಾಯೀ.”

ಹಕ್ಕಿ ಬಾಯಿ ಚಪ್ಪರಿಸಿತು. “ಅದಕ್ಕೇನು? ಹಳೆಯ ಕತೆಯನ್ನೇ ಇನ್ನೊಮ್ಮೆ ಹೇಳು. ಯುದ್ಧ ಬರುತ್ತದೆ, ಇವಳ ಗಂಡನೂ ಬರುತ್ತಾನೆ. ಹೂಂ ಅನ್ನು, ಹೆಣ್ಣೇ.”

ಇದೇ ಅವಳ ಮೂರನೆಯ ಪರೀಕ್ಷೆ, ಎಲ್ಲಕ್ಕಿಂತ ಕಠಿಣವಾದದ್ದು. ‘ಹೂಂ’ ನಾಲಗೆಯ ತುದಿಗೇ ಬಂದಿತ್ತು. ಆಗ ಕೆಳಗೆ, ದೂರದಲ್ಲಿ, ಮಾಳಜ್ಜಿಯ ಮನೆಯ ಹೊಗೆ ಕಂಡಿತು. ಮೈಗಳ್ಳ ಮಗನಿಗೆ ಅಜ್ಜಿ ರೊಟ್ಟಿ ಸುಡುತ್ತಿರಬೇಕು. ಇರುವಂತಿ ಬಹಳ ಹೊತ್ತು ನೋಡಿದಳು.

“ಬೇಡ ಅಜ್ಜಾ. ಯುದ್ಧ ಬೇಡ,” ಎಂದಳು. ಮುದುಕನ ಎದುರಿಗೆ ಬಂದು ಕೂತಳು. “ಆದರೆ ಗಾಯವಾಗಿಯೇ ಬರಬೇಕೇನು ಅವನು? ಅವನ ತಾಯಿ ಕಂಬಳಿ ನೇಯುತ್ತಿದ್ದಳಂತೆ. ಕಂಬಳಿ ಮಾರಲು ಹೊಳೆ ದಾಟಿ ಬರಲಿ.”

“ಬರಬಹುದು. ಆದರೆ ಅವನು ನಿನ್ನನ್ನು ಅರಿಯ. ಹಕ್ಕಿ ನುಂಗಿದ ದಿನಗಳು ಹಿಂದಕ್ಕೆ ಬರುವುದಿಲ್ಲ. ಅವನನ್ನು ದಡದವರೆಗೆ ತರಬಲ್ಲೆ. ಅಲ್ಲಿಂದಾಚೆ ಅವನ ಮನಸ್ಸು ಅವನದು.”

“ದಡದವರೆಗೆ ಸಾಕು. ಆಮೇಲೆ ‘ಕತೆ ಮುಗಿಯಿತು’ ಎಂದುಬಿಡು. ಅಜ್ಜಾ, ನೀನು ತಿದ್ದುತ್ತಿದ್ದರೆ ನಾವು ಬದುಕುವುದು ಯಾವಾಗ?”

“ಚೆನ್ನಾಗಿಲ್ಲ! ಇನ್ನೊಮ್ಮೆ!” ಎಂದು ಹಕ್ಕಿ ಕಿರುಚಿತು.

ಸೊಲ್ಲಯ್ಯ ಹೊಳೆಯನ್ನು ನೋಡಿದ, ಹೊಗೆಯನ್ನು ನೋಡಿದ, ಇರುವಂತಿಯನ್ನು ನೋಡಿದ. “ಚೆನ್ನಾಗಿಲ್ಲದಿದ್ದರೆ ಇಲ್ಲ. ಇವರು ಇದ್ದಾರಲ್ಲ,” ಎಂದ. ಕಂಬಳಿ ಮಾರುವವನೊಬ್ಬನನ್ನು ಆಚೆ ದಡಕ್ಕೆ ತಂದು ನಿಲ್ಲಿಸಿ, “ಕತೆ ಮುಗಿಯಿತು,” ಎಂದ. ಅಂದದ್ದೇ ತಡ, ಹಕ್ಕಿ ಒಡೆದ ದಿಂಬಿನಂತೆ ಬರೀ ಪುಕ್ಕವಾಗಿ ಗಾಳಿಗೆ ಹಾರಿಹೋಯಿತು. ಮುದುಕ ಬೆನ್ನು ನೆಟ್ಟಗೆ ಮಾಡಿ ಎದ್ದುನಿಂತ.

ಇರುವಂತಿ ಹೊಳೆಗೆ ಬಂದಾಗ ಆಚೆ ದಡದಿಂದ ಕೂಗು ಕೇಳಿತು: “ದೋಣಿಯಮ್ಮಾ, ಈ ಕಡೆ ಬರ್ತೀಯಾ?”

ಅವನೇ. ಕಾಲು ಕುಂಟಾಗಿರಲಿಲ್ಲ. ದೋಣಿ ಹತ್ತಿ, ಗುರುತಿಲ್ಲದವಳನ್ನು ನೋಡುವಂತೆ ಅವಳನ್ನು ನೋಡಿ, “ನಿಮ್ಮ ಕಡೆ ಕಂಬಳಿ ಕೊಳ್ಳುವವರಿದ್ದಾರಾ?” ಎಂದ. ಅವಳು ಹುಟ್ಟು ಹಾಕುತ್ತಾ ಹೌದೆಂದು ತಲೆಯಾಡಿಸಿದಳು.

ಅವನು ಮತ್ತೆ ಮತ್ತೆ ಬಂದ. ಕಂಬಳಿಗಳು ಮುಗಿದ ಮೇಲೂ ಬಂದ. ಮುಂದಿನ ಸುಗ್ಗಿಗೆ ಅವರ ಮದುವೆಯಾಯಿತು. ಮಾಳಜ್ಜಿಯ ಮಕ್ಕಳೇ ಚಪ್ಪರ ಹಾಕಿದರು.

ಒಂದು ದಿನ ಕೇತಮಲ್ಲ ಕೇಳಿದ: “ನನ್ನನ್ನು ನೋಡುವಾಗ ಒಮ್ಮೊಮ್ಮೆ ಬೇರೆ ಯಾರನ್ನೋ ಹುಡುಕುತ್ತೀಯಲ್ಲ, ಯಾರವನು?”

ಇರುವಂತಿ ಎಲ್ಲವನ್ನೂ ಹೇಳಿದಳು. ಅವನು ಕೊನೆಯವರೆಗೂ ಕೇಳಿದ. ಆಮೇಲೆ ಮೆಲ್ಲಗೆ ಅಂದ: “ಅವನು ನನಗಿಂತ ಒಳ್ಳೆಯವನಿದ್ದನಾ?”

“ಇಲ್ಲ. ಕೋಪಿಷ್ಠ,” ಎಂದು ಅವಳು ನಕ್ಕಳು. ನಗುವಿನ ನಡುವೆಯೇ ಕಣ್ಣು ತುಂಬಿತು. “ಆದರೂ ನೆನಪಾಗುತ್ತಾನೆ. ಇಷ್ಟು ದಿನ ಒಬ್ಬಳೇ ನೆನೆಯುತ್ತಿದ್ದೆ.”

ಕೇತಮಲ್ಲ ಅವಳ ಪಕ್ಕಕ್ಕೆ ಸರಿದು ಕೂತ. “ಹಾಗಾದರೆ ಅವನ ವಿಷಯ ಇನ್ನಷ್ಟು ಹೇಳು,” ಎಂದ.

ಆಮೇಲೆ ಆ ನಾಡಿನಲ್ಲಿ ಹೊಳೆ ತನ್ನ ಜಾಗ ಬಿಟ್ಟು ಕದಲಲಿಲ್ಲ, ನಿನ್ನೆ ಇದ್ದವರು ಇಂದೂ ಇದ್ದರು, ಎಲ್ಲರೂ ತಮ್ಮ ತಮ್ಮ ಬದುಕನ್ನು ತಾವೇ ಮುಂದುವರಿಸಿಕೊಂಡು ಸುಖವಾಗಿದ್ದರು.