ಒಂದೊಂದು ಸಾಲೂ ನನ್ನದೇ

ಷಡ್ಡಕನ ಅಂಗಿಯ ಮೇಲೆ ಯಾವಾಗ ನೋಡಿದರೂ ನಾಯಿಕೂದಲು. ಅತ್ತೆಯ ಮನೆಯಲ್ಲಿ ಊಟಕ್ಕೆ ಕುಳಿತಾಗ ಅದು ಹಾರಿ ಎಲ್ಲಿ ತನ್ನ ತಟ್ಟೆಗೆ ಬೀಳುತ್ತದೋ ಎಂದು ಚಿಕ್ಕ ಅಳಿಯನಾದ ಅವನು ತಟ್ಟೆಯನ್ನು ದೂರ ಸರಿಸಿಕೊಳ್ಳುತ್ತಿದ್ದ. ಅತ್ತೆಗೆ ಮಾತ್ರ ಅದೇನೂ ಕಾಣುತ್ತಿರಲಿಲ್ಲ.

"ದೊಡ್ಡ ಅಳಿಯಂದ್ರು ಪ್ರಾಣಿಗಳ ಡಾಕ್ಟ್ರಾದ್ರೂ ಕಂಪ್ಯೂಟರ್ ಎಷ್ಟು ಚೆನ್ನಾಗಿ ಕಲ್ತಿದಾರೆ ನೋಡಿ. ತೂಕ ಹಾಕಿದ್ರೆ ಸಾಕಂತೆ, ಆಪರೇಶನ್ನಿಗೆ ಎಷ್ಟು ಮತ್ತಿನ ಔಷಧಿ ಕೊಡಬೇಕೂಂತ ಅದೇ ಹೇಳುತ್ತಂತೆ. ನೀವೂ ಅದನ್ನೇ ಓದಿದೋರಲ್ವಾ?"

ಓದಿದವನೇ. ಆ ಓದಿನಿಂದಲೇ ಹಲವು ಶಾಖೆಗಳಿರುವ ದೊಡ್ಡ ಪಶು ಆಸ್ಪತ್ರೆಯೊಂದರ ಮುಖ್ಯ ಕಚೇರಿಯಲ್ಲಿ, ಎಸಿ ಕೋಣೆಯಲ್ಲಿ, ಒಂದು ಪ್ರಾಣಿಯನ್ನೂ ಮುಟ್ಟದೆ ಬದುಕುತ್ತಿದ್ದ. ಅಲ್ಲಿನ ನಿರ್ದೇಶಕರು ಇಂಥದೇ ಒಂದು ತಂತ್ರಾಂಶ ಬೇಕೆಂದು ಎರಡು ವರ್ಷದಿಂದ ಅವನ ತಲೆ ತಿನ್ನುತ್ತಿದ್ದರು. ಮಾಡಿಕೊಟ್ಟರೆ ವಿಭಾಗದ ಮುಖ್ಯಸ್ಥನ ಕುರ್ಚಿ ಎಂದಿದ್ದರು. ಅವನ ಕೈಲಿ ಆಗಿರಲಿಲ್ಲ. ಆ ಕೂದಲುಗುಡ್ಡೆಯ ಕೈಲಿ ಆಗಿತ್ತು.

ಷಡ್ಡಕ ತನ್ನ ತಂತ್ರಾಂಶವನ್ನು ಅಂತರ್ಜಾಲದಲ್ಲಿ ಬಿಚ್ಚಿಟ್ಟಿದ್ದ. ಒಳಗಿನ ಕೋಡ್ ಪೂರ್ತಿ ಯಾರು ಬೇಕಾದರೂ ಓದಬಹುದು. ಆದರೆ ಎಷ್ಟು ಹುಡುಕಿದರೂ ಬೇರೆಯವರಿಗೆ ಬಳಸಲು ಅನುಮತಿ ಕೊಡುವ ಲೈಸೆನ್ಸ್ ಎಂಬುದೊಂದು ಇರಲಿಲ್ಲ. ಲೈಸೆನ್ಸ್ ಇಲ್ಲದ ಮೇಲೆ ಅದು ಊರ ಸೊತ್ತು ಎಂದು ದಡ್ಡರು ತಿಳಿಯುತ್ತಾರೆ. ಅವನು ದಡ್ಡನಲ್ಲ. ಏನೂ ಬರೆದಿಲ್ಲವೆಂದರೆ ಎಲ್ಲ ಹಕ್ಕೂ ಬರೆದವನದೇ; ನೋಡಬಹುದು, ಒಯ್ಯುವಂತಿಲ್ಲ, ಹಂಚುವಂತಿಲ್ಲ. ಇದು ಕಳ್ಳತನ ಎಂಬುದು ಅವನಿಗೆ ಮೊದಲ ದಿನದಿಂದಲೇ ಸ್ಪಷ್ಟವಾಗಿತ್ತು, ಅದರಿಂದ ಅವನ ನಿದ್ದೆಯೇನೂ ಕೆಡಲಿಲ್ಲ.

ಒಂದು ಮಾತು ಕೇಳಿದ್ದರೆ ಷಡ್ಡಕ ನಗುತ್ತಾ ಎಲ್ಲ ಹೇಳುತ್ತಿದ್ದನೇನೋ. ಆದರೆ ಕೇಳಿದರೆ ಸಾಕ್ಷಿ ಉಳಿಯುತ್ತದೆ. ಕೇಳಲಿಲ್ಲ. ಇಳಿಸಿಕೊಂಡ ದಿನವೇ ಮನೆಯ ಕಂಪ್ಯೂಟರಿನಿಂದ ಅದರ ಜಾಡು ಅಳಿಸಿದ. ಕೋಡಿನೊಳಗಿನ ಒಂದೊಂದು ಹೆಸರನ್ನೂ ಬದಲಿಸಿದ, ಸಾಲುಗಳ ಕ್ರಮ ತಿರುವಿದ, ಷಡ್ಡಕ ಅಲ್ಲಲ್ಲಿ ಬರೆದಿದ್ದ ಟಿಪ್ಪಣಿಗಳನ್ನು ಓದದೆಯೇ ಕಿತ್ತೆಸೆದ. ಷಡ್ಡಕನ ಬರವಣಿಗೆಯೂ ಅವನಷ್ಟೇ ಗಲೀಜು. ಲೆಕ್ಕವನ್ನು ಮಾತ್ರ ಮುಟ್ಟಲಿಲ್ಲ. ಸಾಸಿವೆಕಾಳಿನಷ್ಟೂ ವೈದ್ಯಕೀಯ ಗೊತ್ತಿಲ್ಲದವನು ಔಷಧಿಯ ಲೆಕ್ಕಕ್ಕೆ ಕೈ ಹಾಕಬಾರದೆಂಬ ವಿವೇಕ ಅವನಿಗಿತ್ತು. ಕೊನೆಗೆ ಮೂಲವನ್ನೂ ನಕಲನ್ನೂ ಅಕ್ಕಪಕ್ಕ ತೆರೆದು ತೂಕ ಹಾಕಿ ಹಾಕಿ ನೋಡಿದ. ಎರಡರಲ್ಲೂ ಒಂದೇ ಉತ್ತರ. ಮೇಲೆ ತಿಳಿನೀಲಿ ಬಣ್ಣ ಬಳಿದ. ಕೆಳಗೆ ತನ್ನ ಹೆಸರು ಹಾಕಿದ.

ಇಷ್ಟಕ್ಕೇ ನಿಲ್ಲಿಸುವವನು ಸಾಮಾನ್ಯ ಕಳ್ಳ. ನಾಳೆ ಷಡ್ಡಕ ತಕರಾರು ತೆಗೆದರೆ? ಅದಕ್ಕೂ ಮುಂಚೆಯೇ ಬಾಗಿಲು ಹಾಕಬೇಕು. ವಕೀಲರ ಮುಂದೆ ಕುಳಿತು ಆಸ್ಪತ್ರೆಗೆ ಕೊಡಲೆಂದು ತಾನಾಗಿಯೇ ಪ್ರಮಾಣಪತ್ರ ಬರೆಸಿದ: ಇದರ ಒಂದೊಂದು ಸಾಲನ್ನೂ ನಾನೊಬ್ಬನೇ ಯೋಚಿಸಿ ಬರೆದಿದ್ದೇನೆ, ಇದರ ಕೀರ್ತಿಯೂ ಹೊಣೆಯೂ ಪೂರ್ತಿ ನನ್ನದು. ಹೊಣೆ ಎಂಬ ಮಾತು ಬೇಡವಾಗಿತ್ತು ಎಂದರು ವಕೀಲರು. ಇರಲಿ, ಗಟ್ಟಿಯಾಗಿರುತ್ತೆ ಎಂದ ಅವನು.

ಪರೀಕ್ಷೆಗೆ ನಿರ್ದೇಶಕರು ಆರಿಸಿದ್ದು ತಮಗೆ ಪ್ರಿಯವಾದ ಕರುವಿನಂಥ ದೊಡ್ಡ ನಾಯಿಗಳನ್ನು. ಎಲ್ಲವೂ ಸುಖವಾಗಿ ಮಲಗಿದವು, ಸುಖವಾಗಿ ಎದ್ದವು. ತಂತ್ರಾಂಶ ಎಲ್ಲ ಶಾಖೆಗಳಿಗೂ ಹೋಯಿತು. ಕುರ್ಚಿ ಬಂತು. ಅತ್ತೆ ಫೋನು ಮಾಡಿ, "ಅಂತೂ ಚಿಕ್ಕ ಅಳಿಯಂದ್ರೂ ಏನೋ ಮಾಡಿದ್ರಲ್ಲ" ಎಂದರು. ಆ 'ಅಂತೂ' ಮೈ ಉರಿಸಿತಾದರೂ ಅದನ್ನೂ ನುಂಗಿಕೊಂಡ.

ವಾರ ಕಳೆಯುವುದರೊಳಗೆ ನಿರ್ದೇಶಕರ ತಾಯಿಯ ಮುದ್ದಿನ ಪುಟ್ಟ ನಾಯಿ ಹೊಟ್ಟೆಯ ಗಡ್ಡೆ ತೆಗೆಸಲೆಂದು ಆಪರೇಶನ್ ಮೇಜಿನ ಮೇಲೆ ಮಲಗಿತು. ಹೊಟ್ಟೆ ಕೊಯ್ದ ಮೇಲೆ ಎಚ್ಚರವಾಯಿತು. ಶಸ್ತ್ರವೈದ್ಯೆಯ ಬೆರಳು ಕಚ್ಚಿ, ಕರುಳು ಎಳೆದುಕೊಂಡೇ ಕೆಳಕ್ಕೆ ಹಾರಿ, ಬಾಗಿಲ ಹೊರಗೆ ಕಾಯುತ್ತಿದ್ದ ಮುದುಕಿಗೆ ಕೇಳುವಂತೆ ಕಿರುಚಿ ಸತ್ತಿತು. ಅವನನ್ನು ಅಲ್ಲಿಗೇ ಕರೆಸಿದರು. ಇನ್ನೂ ನೆಲ ಒರೆಸಿರಲಿಲ್ಲ. ಅವನ ಮೊದಲ ಯೋಚನೆ ತನ್ನ ಬೂಟಿನದು. ಇಂಥವನನ್ನು ಏನೆನ್ನಬೇಕು?

ವೈದ್ಯೆ ಬ್ಯಾಂಡೇಜು ಸುತ್ತಿದ ಕೈಯಲ್ಲೇ ಪರದೆ ತೋರಿಸಿದಳು. "ಆರು ಕೆಜಿ ನಾಯಿಗೆ ಎರಡು ಕೆಜಿ ನಾಯಿಯ ಡೋಸ್ ಕೊಟ್ಟಿದೆ ರೀ ಇದು. ಯಾವ ತೂಕ ಹಾಕಿದ್ರೂ ನಾಲ್ಕು ಕೆಜಿ ಕಳೆದೇ ಲೆಕ್ಕ ಹಾಕುತ್ತೆ. ದೊಡ್ಡ ನಾಯಿಗಳಲ್ಲಿ ಗೊತ್ತೇ ಆಗ್ಲಿಲ್ಲ. ಯಾಕೆ ಕಳೆದ್ರಿ ಹೇಳಿ?"

ನಿರ್ದೇಶಕರು ಕೂಗಾಡಲಿಲ್ಲ. "ಒಂದೊಂದು ಸಾಲೂ ಯೋಚನೆ ಮಾಡಿ ಬರೆದೆ ಅಂತ ಬರ್ಕೊಟ್ಟಿದೀರಿ. ಈ ಸಾಲು ಬರೆಯುವಾಗ ಏನು ಯೋಚನೆ ಮಾಡಿದ್ರಿ, ನಾಳೆ ಪೊಲೀಸರ ಮುಂದೆ ಹೇಳಿ."

ಉತ್ತರ ಗೊತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ಆ ಸಂಜೆ, ಹೀಗೇ ಈ ಕಡೆ ಬಂದಿದ್ದೆ ಎನ್ನುತ್ತಾ, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, ಅವನು ಮೊದಲ ಬಾರಿಗೆ ಷಡ್ಡಕನ ಚಿಕಿತ್ಸಾಲಯದೊಳಗೆ ಕಾಲಿಟ್ಟ. ಷಡ್ಡಕ ಒಂದು ಬೆಕ್ಕನ್ನು ಕಬ್ಬಿಣದ ಪಂಜರಕ್ಕೆ ನೂಕಿ, ಪಂಜರವನ್ನೇ ಎತ್ತಿ ತಕ್ಕಡಿಯ ಮೇಲಿಟ್ಟು, ಬಂದ ತೂಕವನ್ನು ಹಾಗೇ ಕಂಪ್ಯೂಟರಿಗೆ ಒತ್ತುತ್ತಿದ್ದ. ಪಂಜರ ಸಮೇತ ಯಾಕೆ ಎಂದು ಅವನು ಕೇಳಿದ. "ಇಲ್ಲಿ ಬರೋವೆಲ್ಲಾ ಬೀದಿ ಪ್ರಾಣಿಗಳು ರೀ, ಕಚ್ಚಿಬಿಡ್ತವೆ. ಅದಕ್ಕೇ ಪಂಜರ ಬಿಟ್ಟು ತೂಗೋದೇ ಇಲ್ಲ. ಪಂಜರದ್ದು ನಾಲ್ಕು ಕೆಜಿ, ಅದನ್ನ ಒಳಗೇ ಕಳೆಯೋ ಹಾಗೆ ಬರ್ದಿಟ್ಟಿದೀನಿ. ಬೇರೆ ಕಡೆ ಯಾರಾದ್ರೂ ಬಳಸಿದ್ರೆ ಅನಾಹುತ ಆಗುತ್ತೆ ಅಂತಾನೇ ಯಾರಿಗೂ ಲೈಸೆನ್ಸ್ ಕೊಟ್ಟಿಲ್ಲ." ಬೆಕ್ಕು ಪಂಜರದೊಳಗೆ ಗುರ್ರೆಂದಿತು. ಷಡ್ಡಕ ಅಂಗಿಗೆ ಕೈ ಒರೆಸಿಕೊಂಡು ಅವನ ಮುಖ ನೋಡಿದ. "ಕೂತ್ಕೊಳ್ಳಿ, ಯಾಕಿಷ್ಟು ಬೆವರ್ತಿದೀರಿ? ನಿಮ್ಮ ನಿರ್ದೇಶಕರೂ ಅಂತರ್ಜಾಲದಲ್ಲಿ ನನ್ನ ಕೋಡ್ ನೋಡಿ ಈಗ ತಾನೇ ಫೋನ್ ಮಾಡಿ ಇದೇ ನಾಲ್ಕು ಕೆಜಿ ಬಗ್ಗೆ ಕೇಳಿದ್ರು."