ಓಡಿಸಿದ್ದು ಯಾರು

ದ್ವೀಪದ ಬೆಟ್ಟದ ನೆತ್ತಿಯಲ್ಲಿ, ಎಲ್ಲ ಕಾರುಗಳೂ ಸುಧಾರಿಸಿಕೊಳ್ಳಲೆಂದು ನಿಲ್ಲುವ ಜಾಗದಲ್ಲಿ, ಅವನಿದ್ದ ಲಾಡ್ಜಿನಲ್ಲೇ ಇಳಿದುಕೊಂಡಿದ್ದ ರಿಟೈರ್ಡ್ ಮೇಷ್ಟ್ರು ಅವನ ಬೆನ್ನು ತಟ್ಟಿದರು. ಬೆಳಿಗ್ಗೆಯಿಂದ ನಿಮ್ಮ ಬಾಡಿಗೆ ಕಾರಿನ ಹಿಂದೆಯೇ ಬಂದೆವು, ಹದಿನೇಳು ತಿರುವಿನಲ್ಲಿ ಒಂದು ಕಡೆಯೂ ತಡವರಿಸಲಿಲ್ಲ, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಹೋಯಿತು ಎಂದರು.

"ಏನು ಕೈ ರೀ ನಿಮ್ಮದು."

ಕೈ ಅವನದಲ್ಲ, ಅವನ ಹೆಂಡತಿಯದು. ಮದುವೆಯಾಗಿ ಹತ್ತೊಂಬತ್ತು ದಿನವಾಗಿತ್ತು. ಅವಳು ಏಳು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಊರಿನ ಅರ್ಧ ಜನ ಅವಳ ಬೈಗುಳ ತಿಂದೇ ಲೈಸೆನ್ಸ್ ತೆಗೆದುಕೊಂಡವರು. ಅವನು ಕನ್ನಡಕದ ಅಂಗಡಿಯವನು. ಅವನ ಲೈಸೆನ್ಸ್ ಹನ್ನೊಂದು ವರ್ಷದಿಂದ ಪರ್ಸಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು.

ದಾರಿಯುದ್ದಕ್ಕೂ ಅವನು ಅವಳನ್ನೇ ನೋಡುತ್ತ ಬಂದಿದ್ದ. ಗೇರ್ ಬದಲಿಸುವಾಗ ಮಣಿಕಟ್ಟಿಗೆ ಜಾರುವ ಒಂಟಿ ಬಳೆ, ತಿರುವು ಬಂದಾಗ ತುಸುವೇ ಕಿರಿದಾಗುವ ಕಣ್ಣು. ನನ್ನನ್ನಲ್ಲ, ರಸ್ತೆ ನೋಡಿ ಎಂದು ಅವಳು ರೇಗಿಸಿದರೆ, ರಸ್ತೆ ನೋಡೋಕೆ ನೀನಿದ್ದೀಯಲ್ಲ ಎಂದಿದ್ದ.

ಅಷ್ಟನ್ನೂ ಮೇಷ್ಟ್ರಿಗೆ ಹೇಳಬಹುದಿತ್ತು. ಬದಲಿಗೆ ಕೂದಲು ಸವರಿಕೊಂಡು, "ಎಲ್ಲಾ ಅಭ್ಯಾಸ, ಸರ್," ಅಂದ.

ತಿರುಗಿದರೆ ಅವಳು ಎರಡೂ ಕೈಯಲ್ಲಿ ಎಳನೀರು ಹಿಡಿದು ನಿಂತಿದ್ದಳು.

ಜಗಳವಾಡಲಿಲ್ಲ. ಎಳನೀರು ಕೊಟ್ಟಳು, ಮೇಷ್ಟ್ರ ಹೆಂಡತಿಯ ಹತ್ತಿರ ಸಮುದ್ರದ ಬಣ್ಣದ ಬಗ್ಗೆ ಎರಡು ಮಾತಾಡಿದಳು. ಹೊರಡುವಾಗ ಕಾರಿನ ಕೀ ಅವನ ಮುಂದೆ ಹಿಡಿದಳು. ತುಟಿಯ ಒಂದು ಕೊನೆ ಮಾತ್ರ ಮೇಲೆದ್ದಿತ್ತು.

"ಅಭ್ಯಾಸ ಇರೋರೇ ಓಡಿಸಿ."

ಕಾರಿನ ಬಾಡಿಗೆ ಕರಾರಿನಲ್ಲಿ ಡ್ರೈವರ್ ಎಂದು ಇದ್ದದ್ದು ಅವಳ ಹೆಸರೊಂದೇ. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಅವಳಿಗೆ ಸಿಟ್ಟು ಬಂದಿತ್ತು, ಅವನನ್ನು ಮೇಷ್ಟ್ರು ನೋಡುತ್ತಿದ್ದರು. ಕೀ ತೆಗೆದುಕೊಂಡ.

ಕಲಿಸುವ ಕಾರಿನಲ್ಲಿ ಟೀಚರ್ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಈ ಕಾರಿನಲ್ಲಿ ಇರಲಿಲ್ಲ. ಆದರೂ ಇಳಿಜಾರಿನುದ್ದಕ್ಕೂ ಅವಳ ಪಾದ ಬರೀ ಮ್ಯಾಟನ್ನು ಒತ್ತುತ್ತಲೇ ಇತ್ತು. ಮೂರನೆಯ ತಿರುವಿನಲ್ಲಿ ಕಿರುಸೇತುವೆಯ ಕಲ್ಲು ಕಾರಿನ ಒಂದು ಬದಿಯ ಎರಡೂ ಬಾಗಿಲನ್ನು ಉದ್ದಕ್ಕೆ ಗೀರಿತು.

ಅವಳು ಇಳಿದು ಬಂದು, ನಿಮಗೇನಾದರೂ ಆಯಿತೇ ಎಂದಷ್ಟೇ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಅವನು ಒಂದೇ ಒಂದು ಮಾತಿಗೆ ಅದನ್ನು ಕಳೆದುಕೊಂಡಿದ್ದ. ಅವಳು ಮತ್ತೆ ಸ್ಟೇರಿಂಗ್ ಹಿಡಿದಳು. ತೆಂಗಿನ ತೋಪು, ಬಿಳೀ ಮರಳು, ನೀಲಿ ನೀರು ಎಲ್ಲವೂ ಹಿಂದಕ್ಕೆ ಸರಿದವು. ಇಬ್ಬರೂ ನೋಡಲಿಲ್ಲ.

ಅವಳು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು. "ನನ್ನ ಹೊಗಳಿಕೆ ನೀವು ತಗೊಂಡ್ರಿ ಅಂತ ಬೇಜಾರಿಲ್ಲ ರೀ. ನಾನು ಓಡಿಸ್ತೀನಿ ಅಂತ ಹೇಳೋಕೆ ನಿಮಗೆ ನಾಚಿಕೆ ಆಯ್ತಲ್ಲ, ಅದಕ್ಕೆ."

ಅವನ ಕಿವಿ ಬಿಸಿಯಾಯಿತು.

ಇಡೀ ದ್ವೀಪಕ್ಕೆ ಬಾಡಿಗೆ ಕಾರು ಕೊಡುವ ಆಫೀಸು ಒಂದೇ. ಗೀರಿನ ವಿಷಯ ಹೇಳಲು ಸೀದಾ ಅಲ್ಲಿಗೇ ಹೋದರು. ಬೇರೆ ದಾರಿಯಿಂದ ಇಳಿದಿದ್ದ ಮೇಷ್ಟ್ರು ದಂಪತಿ ಆಗಲೇ ತಮ್ಮ ಕಾರು ವಾಪಸ್ ಕೊಡಲು ಬಂದು ನಿಂತಿದ್ದರು. ಕೌಂಟರಿನ ಹೆಂಗಸು ಹೊರಗೆ ಹೋಗಿ ಗೀರನ್ನು ನೋಡಿ ಬಂದು, ಫಾರಂ ಎಳೆದುಕೊಂಡು, ಆಗ ಓಡಿಸುತ್ತಿದ್ದವರು ಯಾರು ಎಂದು ಕೇಳಿದಳು.

"ನಾನೇ," ಅಂದಳು ಅವನ ಹೆಂಡತಿ.

ಮೇಷ್ಟ್ರು ನಿಜವಾದ ಮರುಕದಿಂದಲೇ ಅವನ ಕಡೆ ಬಾಗಿದರು. ಇಂಥ ರಸ್ತೆಯಲ್ಲಿ ಹೆಂಗಸರ ಕೈಗೆ ಬಿಡಬಾರದಿತ್ತು, ನಿಮ್ಮಂಥವರು ಪಕ್ಕದಲ್ಲಿದ್ದೂ ಹೀಗಾಯಿತಲ್ಲ ಎಂದರು. ಏಳು ವರ್ಷದಲ್ಲಿ ಯಾವ ಕಾರಿಗೂ ಒಂದು ಗೀರೂ ಬೀಳಿಸದ ಅವಳು ತಲೆ ತಗ್ಗಿಸಿ ಪೆನ್ನು ತೆಗೆದುಕೊಂಡಳು.

ಅವನು ಫಾರಂ ಮೇಲೆ ಅಂಗೈ ಇಟ್ಟ.

"ಸಹಿ ಹಾಕಬೇಡ. ಗೀರಿದ್ದು ನಾನು, ಮೇಡಂ. ಸರ್, ಬೆಟ್ಟ ಹತ್ತಿಸಿದ್ದು ಇವಳು. ನೀವು ಹೊಗಳಿದ ಕೈ ಇವಳದು. ನಾನು ಸುಳ್ಳು ಹೇಳಿದೆ."

ಮೇಷ್ಟ್ರು ಕೆಮ್ಮಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಕರಾರಿನಲ್ಲಿಲ್ಲದವರು ಓಡಿಸಿದ್ದರಿಂದ ಉಳಿದ ಮೂರು ದಿನ ಕಾರು ಕೊಡುವಂತಿಲ್ಲ ಎಂದ ಹೆಂಗಸು ಕೀ ತೆಗೆದು ಡ್ರಾಯರಿಗೆ ಹಾಕಿದಳು.

ಬಸ್ ಸ್ಟಾಪಿನ ಸಿಮೆಂಟು ಬೆಂಚಿನಲ್ಲಿ ನಡುವೆ ಬ್ಯಾಗಿಟ್ಟುಕೊಂಡು ಕೂತರು. ಅವಳ ಮುಖ ಸ್ವಲ್ಪ ಸಡಿಲವಾಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಕ್ಷಮೆ ಸಿಗುತ್ತಿತ್ತು. ಅರ್ಧ ಸತ್ಯಕ್ಕೆ ಸಿಕ್ಕ ಕ್ಷಮೆ ಅವನಿಗೆ ಬೇಡವಾಗಿತ್ತು.

"ಇನ್ನೊಂದಿದೆ," ಅಂದ. "ಅಂಗಡೀಲಿ ಎಲ್ಲರಿಗೂ ನೀನು ಸ್ಕೂಲಿನ ಆಫೀಸಲ್ಲಿ ಕೂತ್ಕೋತೀಯ ಅಂತ ಹೇಳಿದೀನಿ. ಕಲಿಸ್ತೀಯ ಅಂತ ಹೇಳಿಲ್ಲ."

ಅವಳು ಸಮುದ್ರದ ಕಡೆ ನೋಡಿದಳು. ಕಣ್ಣು ತುಂಬಿತ್ತೋ ಬಿಸಿಲಿತ್ತೋ, ಅವನಿಗೆ ಕೇಳುವ ಮುಖವಿರಲಿಲ್ಲ.

"ಎಷ್ಟು ಜನ ಇದ್ದಾರೆ ಅಂಗಡೀಲಿ?"

"ಆರು."

"ಆರು ಜನಕ್ಕೂ ಬೇರೆಬೇರೆ ಹೇಳಿ. ಒಟ್ಟಿಗೆ ನಿಲ್ಲಿಸಿಕೊಂಡು ಹೇಳಿ ಮುಗಿಸೋ ಹಾಗಿಲ್ಲ."

"ಹೂಂ."

ಬಸ್ಸು ಬಂತು. ಅವಳು ಮೊದಲು ಹತ್ತಿ ಕಿಟಕಿಯ ಪಕ್ಕ ಕೂತು ಬ್ಯಾಗನ್ನು ಪಕ್ಕದ ಸೀಟಿನ ಮೇಲಿಟ್ಟಳು. ಅವನು ಕಂಬಿ ಹಿಡಿದು ನಿಂತೇ ಇದ್ದ. ಬಸ್ಸು ಹೊರಟು ಎರಡು ತಿರುವು ದಾಟಿದ ಮೇಲೆ, ಅವನ ಮುಖ ನೋಡದೆಯೇ, ಅವಳು ಬ್ಯಾಗನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು.