ಬೆಂಚಿನ ಕೆಳಗಿನ ಬುಸುಬುಸು

ಬೆಂಚಿನ ಕೆಳಗಿನಿಂದ ಮತ್ತೆ ಅದೇ ಸದ್ದು ಬಂತು. ಬುಸ್... ಬುಸ್... ಬುಳುಬುಳು.

ಚೂಟಿ ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಬೆಂಚಿನ ಮೇಲೆ ಅವಳ ಪುಟ್ಟ ತಮ್ಮ ಬಾಯಿ ತೆರೆದುಕೊಂಡು ಮಲಗಿದ್ದ. ಅವನಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ನಿದ್ದೆಗೆ ಜಾರಿದರೆ ಕಿವಿಯ ಹತ್ತಿರ ತಟ್ಟೆ ಬಡಿದರೂ ಏಳುವ ಆಸಾಮಿಯಲ್ಲ.

ಅವರದು ವ್ಯಾನಿನೊಳಗಿನ ಮನೆ. ರಜೆ ಬಂತೆಂದರೆ ನಾಲ್ಕೂ ಜನ ಅದನ್ನು ಹತ್ತಿ ಊರೂರು ಸುತ್ತುತ್ತಾರೆ. ಹಾಸಿಗೆ, ಒಲೆ, ಸಿಂಕು ಎಲ್ಲ ಅದರೊಳಗೇ. ಮನೆಯನ್ನು ಬೆನ್ನ ಮೇಲೆ ಹೊತ್ತು ನಿಧಾನಕ್ಕೆ ಹೋಗುತ್ತದಲ್ಲ, ಅದಕ್ಕೇ ಅಮ್ಮ ವ್ಯಾನಿಗೆ ‘ಬಸವನಹುಳು’ ಎಂದು ಹೆಸರಿಟ್ಟಿದ್ದಳು. ಬಸವನಹುಳುವಿನ ಲೈಟು, ಫ್ಯಾನು ನಡೆಯುವುದು ಬೆಂಚಿನ ಕೆಳಗಿನ ಪೆಟ್ಟಿಗೆಯಲ್ಲಿರುವ ದೊಡ್ಡ ಬ್ಯಾಟರಿಯಿಂದ.

ಈಗ ವ್ಯಾನು ಒಂದು ಮೈದಾನದಲ್ಲಿ ನಿಂತಿತ್ತು. ಹೊರಗಿನ ಕಂಬದ ಪ್ಲಗ್ಗಿಗೆ ಅಪ್ಪ ವೈರು ಸಿಕ್ಕಿಸಿದ್ದ. ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಚಾರ್ಜ್ ಆಗುವಾಗ ಅದು ಯಾವತ್ತೂ ಹೀಗೆ ಬುಸುಗುಟ್ಟಿದ್ದಿಲ್ಲ. ಇವತ್ತು ಯಾಕೆ ಬುಸುಗುಟ್ಟುತ್ತಿದೆ ಎಂದು ಚೂಟಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳು ಮತ್ತೆ ಮತ್ತೆ ಹೊರಗೆ ಇಣುಕುತ್ತಿದ್ದಳು.

ಬೆಳಿಗ್ಗೆ ಅಪ್ಪ ಪೆಟ್ಟಿಗೆಯೊಳಗೆ ಇಣುಕಿ, ಬ್ಯಾಟರಿಯಲ್ಲಿ ನೀರು ಇಳಿದಿದೆ, ಸಂಜೆ ಹಾಕೋಣ ಎಂದಿದ್ದ. ಅಪ್ಪನ ‘ಸಂಜೆ’, ‘ನಾಳೆ’ಗಳಿಗೆ ಕ್ಯಾಲೆಂಡರಿನಲ್ಲಿ ಜಾಗವೇ ಇಲ್ಲ ಎಂದು ಅಮ್ಮ ರೇಗಿಸುವುದುಂಟು. ಮಧ್ಯಾಹ್ನ ಅಪ್ಪ ಕುಡಿಯುವ ನೀರು ತರಲು ಹೋದ. ಅಮ್ಮ ಎದುರಿನ ನಲ್ಲಿಯಲ್ಲಿ ಬಟ್ಟೆ ಒಗೆಯಲು ಕೂತಳು. ಆಗ ಚೂಟಿಯೇ ಬ್ಯಾಟರಿ ನೀರಿನ ಕ್ಯಾನು ಎತ್ತಿಕೊಂಡಳು. ಮುಚ್ಚಳಗಳನ್ನು ತಿರುಗಿಸಿ ತೆಗೆದು, ಒಂದೊಂದು ತೂತಿಗೂ ಕಂಠಮಟ್ಟ ಸುರಿದಳು. ಅರ್ಧಂಬರ್ಧ ಕೆಲಸ ಅವಳಿಗೆ ಆಗದು. ಅಪ್ಪ ಬಂದು ನೋಡಿ ‘ಭಲೇ ಚೂಟಿ’ ಎನ್ನಬೇಕು, ಅಷ್ಟೇ ಅವಳ ಆಸೆ.

ಅಪ್ಪ ನೀರು ಹಾಕುತ್ತಿದ್ದದ್ದು ಯಾವಾಗಲೂ ಚಾರ್ಜ್ ಮುಗಿದ ಮೇಲೆ. ಅದೂ ಸ್ವಲ್ಪ ಜಾಗ ಬಿಟ್ಟು. ಚಾರ್ಜ್ ಆಗುವಾಗ ಒಳಗಿನ ಆಸಿಡ್ ನೀರು ಉಬ್ಬುತ್ತದೆ ಎಂದು ಎಷ್ಟೋ ಸಲ ಹೇಳಿದ್ದ. ಅದು ಚೂಟಿಗೆ ನೆನಪಾದದ್ದು ಈಗ, ಬುಸುಬುಸು ಶುರುವಾದ ಮೇಲೆ.

ಅವಳು ಪೆಟ್ಟಿಗೆಯ ಪುಟ್ಟ ಬಾಗಿಲು ತೆರೆದಳು. ಹುಳಿಹುಳಿ ಘಾಟು ಮೂಗಿಗೆ ಹೊಡೆಯಿತು. ಮುಚ್ಚಳಗಳ ಸಂದಿಯಿಂದ ನೊರೆ ಉಕ್ಕಿ ಕೆಳಗೆ ಇಳಿಯುತ್ತಿತ್ತು. ಕೈಗೆ ಸಿಕ್ಕ ಅಮ್ಮನ ಹಳದಿ ಟವೆಲಿನಿಂದ ಗಬಗಬ ಒರೆಸಿದಳು. ಒರೆಸಿದಷ್ಟೂ ಬಂತು. ಬೆರಳುಗಳು ಚುರುಚುರು ಎನ್ನತೊಡಗಿದವು.

ಆಗಲೇ ಅವಳ ಕಣ್ಣಿಗೆ ಪೈಪು ಬಿತ್ತು. ಅದರ ತುದಿ ಬ್ಯಾಟರಿಯಿಂದ ಕಳಚಿ ಜೋತಾಡುತ್ತಿತ್ತು.

ಚಾರ್ಜ್ ಆಗುವಾಗ ಬ್ಯಾಟರಿ ಉಸಿರು ಬಿಡುತ್ತದೆ, ಆ ಉಸಿರು ಈ ಪೈಪಿನಿಂದಲೇ ಹೊರಗೆ ಹೋಗಬೇಕು ಎಂದು ಅಪ್ಪ ಹೇಳಿದ್ದ. ಅದು ಒಳಗೇ ತುಂಬಿಕೊಂಡರೆ ಒಂದೇ ಒಂದು ಕಿಡಿ ಸಾಕು ಎಂದೂ ಹೇಳಿದ್ದ. ಕಿಡಿ ಬಿದ್ದರೆ ಏನಾಗುತ್ತದೆ ಎಂದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನನ್ನ ಮೊಣಕೈ ತಗುಲಿಯೇ ಕಳಚಿರಬೇಕು ಎಂದುಕೊಂಡಳು. ಒತ್ತಿ ಕೂರಿಸಿದರೆ ಪೈಪು ನಿಲ್ಲಲೇ ಇಲ್ಲ. ಹೊರಗೆ ಹೆಜ್ಜೆ ಸದ್ದು ಕೇಳಿತು. ಪೆಟ್ಟಿಗೆಯ ಬಾಗಿಲು ಮುಚ್ಚಿ, ಟವೆಲನ್ನು ಒಗೆಯುವ ಬಟ್ಟೆಯ ರಾಶಿಗೆ ತುರುಕಿ, ಏನೂ ಅರಿಯದವಳಂತೆ ಎದ್ದು ನಿಂತಳು.

ಅಪ್ಪನಿಗೆ ಹೇಳುವುದು ಹೇಗೆ? ಅಪ್ಪ ಬೈಯುವವನಲ್ಲ. ಸಿಟ್ಟು ಬಂದರೆ ಮಾತೇ ಬಿಟ್ಟುಬಿಡುತ್ತಾನೆ. ಬೈಗುಳವಾದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಅಪ್ಪನ ಮೌನ ಮಾತ್ರ ದಿನವಿಡೀ ಬೆನ್ನ ಹಿಂದೆಯೇ ಓಡಾಡುತ್ತದೆ.

ಒಳಗೆ ಬಂದದ್ದು ಅಮ್ಮ. ಗಾಳಿ ಜೋರಾಗಿದೆ ಎಂದು ವ್ಯಾನಿನ ಬಾಗಿಲು ಎಳೆದುಕೊಂಡಳು. ತಮ್ಮ ಏಳುವ ಹೊತ್ತಾಯಿತು, ಹಾಲು ಕಾಯಿಸಬೇಕು ಎನ್ನುತ್ತಾ ಪಾತ್ರೆ ಒಲೆಗಿಟ್ಟಳು. ಮೂಗು ಸಿಂಡರಿಸಿ, ಏನು ವಾಸನೆ ಇದು ಎಂದಳು. ಲೈಟರಿಗಾಗಿ ಶೆಲ್ಫಿನಲ್ಲಿ ತಡಕಾಡಿದಳು.

“ಅಮ್ಮಾ, ಹಾಲು ಆಮೇಲೆ ಕಾಯಿಸು.”

“ಯಾಕೇ?”

“ಸುಮ್ನೆ.”

ಅಮ್ಮ ನಕ್ಕಳು. ಲೈಟರು ಸಿಕ್ಕಿತ್ತು. ಬೆಂಚಿನ ಮೇಲೆ ತಮ್ಮ ಮಗ್ಗುಲು ಬದಲಿಸಿ ಬೆರಳು ಚೀಪತೊಡಗಿದ. ಅವನ ಕಾಲಿನ ಕೆಳಗೇ ಬುಳುಬುಳು ಸದ್ದು. ಅಮ್ಮನ ಕೈ ಒಲೆಯತ್ತ ಹೋಯಿತು.

ಚೂಟಿ ಹಾರಿ ಅಮ್ಮನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. “ಹಚ್ಬೇಡಮ್ಮಾ. ಬ್ಯಾಟರಿ ಉಕ್ತಾ ಇದೆ. ನಾನೇ ನೀರು ಹಾಕ್ದೆ. ಪೈಪೂ ಕಳಚ್ಕೊಂಡಿದೆ.”

ಅಮ್ಮ ಅವಳ ಮುಖ ನೋಡಿದಳು. ಲೈಟರನ್ನು ಮೆಲ್ಲಗೆ ಕೆಳಗಿಟ್ಟು, ತಮ್ಮನನ್ನು ಬಾಚಿ ಎತ್ತಿಕೊಂಡು, ಚೂಟಿಯನ್ನು ಮುಂದೆ ದೂಡಿಕೊಂಡು ಹೊರಗೆ ಬಂದಳು. ಬಾಗಿಲನ್ನು ಹಾಗೇ ಪೂರ್ತಿ ತೆರೆದು ಬಿಟ್ಟಳು.

ನೀರಿನ ಕ್ಯಾನು ಹೊತ್ತು ಬರುತ್ತಿದ್ದ ಅಪ್ಪ ಅಮ್ಮನ ಮಾತು ಕೇಳಿ ಕ್ಯಾನನ್ನು ಅಲ್ಲೇ ಇಳಿಸಿದ. ಒಳಗಿನ ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಓಡಿಹೋಗಿ ಕಂಬದ ಪ್ಲಗ್ಗನ್ನೇ ಆಫ್ ಮಾಡಿ ಕಿತ್ತ. ಆಮೇಲೆ ಹಿಂದಿನ ಬಾಗಿಲುಗಳನ್ನೂ ಅಗಲಕ್ಕೆ ತೆರೆದ. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟಿತು.

ಅಮ್ಮ ಚೂಟಿಯ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದು ತುಂಬಾ ಹೊತ್ತು ನೀರು ಬಿಟ್ಟಳು. ಹಾಲು ಬೇಕೆಂದು ತಮ್ಮ ಲಬೋ ಲಬೋ ಎಂದು ಅಳುತ್ತಿದ್ದ. ಅವನ ಅಳು ಕೇಳಿ ಚೂಟಿಗೂ ಅಳು ಬಂತು. ಇಷ್ಟು ಹೊತ್ತು ಅದು ಎಲ್ಲಿ ಅಡಗಿತ್ತೋ.

ಬಹಳ ಹೊತ್ತಿನ ಮೇಲೆ ಅಪ್ಪ ಗ್ಲೌಸ್ ಹಾಕಿಕೊಂಡು ಒಳಗೆ ಹೋದ. ಉಕ್ಕಿ ಚೆಲ್ಲಿದ ಕಡೆಯೆಲ್ಲ ಅಡುಗೆ ಸೋಡಾ ಉದುರಿಸಿದ. ಅದು ಜುಯ್ ಎಂದು ನೊರೆಯಾಡಿ ಸುಮ್ಮನಾಯಿತು. ಒರೆಸಿದ. ಒಂದೇ ಒಂದು ಮಾತಾಡಲಿಲ್ಲ.

ಶುರುವಾಯಿತು ಅಪ್ಪನ ಮೌನ ಎಂದುಕೊಂಡು ಚೂಟಿ ಮೆಟ್ಟಿಲ ಮೇಲೆ ನಿಂತಳು.

ಅಪ್ಪ ಪೈಪಿಗೆ ಹೊಸ ಕ್ಲಿಪ್ಪು ಸಿಕ್ಕಿಸಲು ನೋಡಿದ. ಜಾರಿತು. ಮತ್ತೆ ಸಿಕ್ಕಿಸಿದ. ಮತ್ತೆ ಜಾರಿತು. ಚೂಟಿ ಬಗ್ಗಿ ನೋಡಿದಳು. ಅಪ್ಪನ ಕೈ ಗಡಗಡ ನಡುಗುತ್ತಿತ್ತು. ವ್ಯಾನನ್ನೇ ಜಾಕಿನ ಮೇಲೆ ಎತ್ತಿ ನಿಲ್ಲಿಸುವ ಕೈ ಅದು. ಅದು ನಡುಗಿದ್ದನ್ನು ಅವಳು ನೋಡಿಯೇ ಇರಲಿಲ್ಲ.

“ಅಪ್ಪಾ, ಪೈಪಿಗೆ ನನ್ ಮೊಣಕೈ ತಗುಲಿರ್ಬೇಕು.”

“ಇಲ್ಲ ಮಗಾ,” ಅಪ್ಪ ತಿರುಗದೆಯೇ ಹೇಳಿದ. “ಹಳೇ ಕ್ಲಿಪ್ಪು ಮುರಿದು ಎಷ್ಟೋ ದಿನ ಆಯ್ತು. ದಾರ ಕಟ್ಟಿ ಬಿಟ್ಟಿದ್ದೆ. ಹೊಸದು ತಂದಿಟ್ಟಿದ್ದೆ, ನಾಳೆ ಹಾಕೋಣ ಅಂತ...”

ಚೂಟಿ ಒಳಗೆ ಹೋಗಿ ಅವನ ಪಕ್ಕ ಕೂತಳು. ಅಮ್ಮನ ಪಾತ್ರೆ ತೊಳೆಯುವ ಗ್ಲೌಸ್ ತೊಟ್ಟುಕೊಂಡು ಪೈಪನ್ನು ಅಲುಗದಂತೆ ಹಿಡಿದಳು. ಕ್ಲಿಪ್ಪು ಟಕ್ ಎಂದು ಕೂತಿತು. ಅಪ್ಪ ಮತ್ತೇನೂ ಮಾತಾಡಲಿಲ್ಲ. ಈ ಸಲದ ಮೌನಕ್ಕೆ ಚೂಟಿ ಹೆದರಲಿಲ್ಲ. ಅವನಿಗೆ ಇನ್ನಷ್ಟು ಒತ್ತಿಕೊಂಡು ಕೂತಳು.

ಒಗೆದ ಮೇಲೆ ಹಳದಿ ಟವೆಲು ಜರಡಿಯಾಗಿತ್ತು. ಅಮ್ಮ ಅದನ್ನು ಎತ್ತಿ ಹಿಡಿದು ತೂತುಗಳಿಂದ ಆಕಾಶ ನೋಡಿದಳು. ಆಮೇಲೆ ಚೂಟಿಯ ಬೆರಳುಗಳನ್ನು ಇನ್ನೊಮ್ಮೆ ತಿರುಗಿಸಿ ಮುರುಗಿಸಿ ನೋಡಿದಳು.

ಹೊತ್ತು ಮುಳುಗುವ ವೇಳೆಗೆ ಹಾಲಿನ ಪಾತ್ರೆ ಮತ್ತೆ ಒಲೆ ಏರಿತು. ಅಮ್ಮ ಲೈಟರು ಕೈಗೆತ್ತಿಕೊಂಡವಳು ಹಾಗೇ ನಿಂತಳು. ಚೂಟಿಯ ಕಡೆ ತಿರುಗಿದಳು.

“ಹಚ್ಚಲಾ?”

ರೇಗಿಸುತ್ತಿದ್ದಾಳೆ ಎಂದುಕೊಂಡಳು ಚೂಟಿ. ಆದರೆ ಅಮ್ಮನ ಮುಖದಲ್ಲಿ ನಗು ಇರಲಿಲ್ಲ. ಬಾಗಿಲಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿದ್ದ ಅಪ್ಪನೂ ಅವಳನ್ನೇ ನೋಡುತ್ತಿದ್ದ.

ಚೂಟಿ ಮಂಡಿಯೂರಿ ಬೆಂಚಿಗೆ ಕಿವಿಯಿಟ್ಟಳು. ಸದ್ದಿಲ್ಲ. ಪುಟ್ಟ ಬಾಗಿಲು ತೆರೆದು ಟಾರ್ಚು ಬಿಟ್ಟು ನೋಡಿದಳು. ಪೈಪು ಬಿಗಿಯಾಗಿತ್ತು. ಕಿಟಕಿ ತೆರೆದಿತ್ತು. ಮೂಗರಳಿಸಿ ಗಾಳಿ ಎಳೆದುಕೊಂಡಳು. ಬರೀ ಸೋಪಿನ ವಾಸನೆ. ಯಾರೂ ಅವಸರ ಮಾಡಲಿಲ್ಲ. ತಮ್ಮ ಕೂಡ ಬೆರಳು ಚೀಪುತ್ತಾ ಕಾಯುತ್ತಿದ್ದ.

ಅವಳು ಎದ್ದು ನಿಂತಳು.

“ಹಚ್ಚಮ್ಮಾ.”